ಗೆರೆ ಎಳೆಯುವ ಯಂತ್ರದ ತಪ್ಪನ್ನು ಮಕ್ಕಳೇ ಹಿಡಿಯಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಗಳ ಕುರಿತು ಇತ್ತೀಚೆಗೆ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದ ಪತ್ರವನ್ನು ಓದಿದೆ. ಗಣಿತದ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯಿಸತೊಡಗಿದರೆ ಮಕ್ಕಳಿಗೆ ಗ್ರಾಫ್ ಹಾಳೆಯ ಮೇಲೆ ಬಿಂದು ಗುರುತಿಸುವ ಅಭ್ಯಾಸವೇ ತಪ್ಪಿಹೋಗುತ್ತದೆ, ಸಮೀಕರಣ ಟೈಪ್ ಮಾಡಿ ಎಂಟರ್ ಒತ್ತಿದೊಡನೆ ಗೆರೆ ಬಂದುಬಿಡುವಾಗ ಯಾರು ತಾನೇ ಕೋಷ್ಟಕ ಬರೆಯುತ್ತಾರೆ ಎಂಬುದು ಅವರ ಆತಂಕ. ಗದಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತನಾಗಿ, ಈಗಲೂ ವಾರಕ್ಕೆ ಎರಡು ಮಧ್ಯಾಹ್ನ ಬೆಟಗೇರಿಯ ಒಂದು ಶಾಲೆಗೆ ಹೋಗಿ ಮಕ್ಕಳೊಂದಿಗೆ ಕಂಪ್ಯೂಟರಿನ ಮುಂದೆ ಕೂರುವ ನನಗೆ ಆ ಆತಂಕ ಅರ್ಥವಾಗುತ್ತದೆ. ಆದರೆ ನಾನು ಕಂಡದ್ದು ಬೇರೆ. ಗ್ರಾಫ್ ಹಾಳೆಯ ಮೇಲೆ ಕೈಯಾರೆ ಬಿಂದು ಗುರುತಿಸಿ ಪಳಗಿದ ಮಕ್ಕಳೇ ಪರದೆಯ ಮೇಲಿನ ಗೆರೆ ತಪ್ಪಿದಾಗ ಮೊದಲು ಹಿಡಿಯುತ್ತಾರೆ. ಪರದೆಯ ಮೇಲೆ ಗೆರೆ ತಪ್ಪುವುದನ್ನು ಒಮ್ಮೆ ಕಂಡ ಮಕ್ಕಳು ಮರಳಿ ಹಾಳೆಗೆ ಬಂದಾಗ ಮೊದಲಿಗಿಂತ ಎಚ್ಚರದಿಂದ ಬಿಂದುಗಳನ್ನು ಆರಿಸಿಕೊಳ್ಳುತ್ತಾರೆ. ಇದನ್ನು ತುಸು ವಿವರವಾಗಿ ಹೇಳಲು ತಮ್ಮ ಪತ್ರಿಕೆಯಲ್ಲಿ ಸ್ಥಳ ಕೋರುತ್ತೇನೆ.

ಎಕ್ಸ್² − 3ಎಕ್ಸ್ − 4 ಎಂಬ ವರ್ಗ ಬಹುಪದೋಕ್ತಿಯ ನಕ್ಷೆ ಹತ್ತನೆಯ ತರಗತಿಯ ಮಕ್ಕಳಿಗೆಲ್ಲ ಪರಿಚಿತ. ಎಕ್ಸ್‌ಗೆ −2ರಿಂದ 5ರವರೆಗಿನ ಬೆಲೆಗಳನ್ನು ಕೊಟ್ಟು ಕೋಷ್ಟಕ ಮಾಡಿದರೆ ವೈ ಬೆಲೆಗಳು ಕ್ರಮವಾಗಿ 6, 0, −4, −6, −6, −4, 0, 6 ಎಂದು ಬರುತ್ತವೆ. ಎಂಟು ಬಿಂದು ಗುರುತಿಸಿ ಸೇರಿಸುವಾಗ ಪ್ರತಿ ವರ್ಷವೂ ತರಗತಿಯ ಅರ್ಧದಷ್ಟು ಮಕ್ಕಳು ಒಂದೇ ಕಡೆ ಎಡವುತ್ತಾರೆ. ಎಕ್ಸ್ 1 ಆದಾಗಲೂ 2 ಆದಾಗಲೂ ವೈ −6 ಆಗಿರುವುದರಿಂದ ಆ ಎರಡು ಬಿಂದುಗಳ ನಡುವೆ ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದು, ಪರವಲಯದ, ಅಂದರೆ ಈ ನಕ್ಷೆಯ ಬಾಗಿದ ಗೆರೆಯ, ತಳವನ್ನು ಬೋಗುಣಿಯ ತಳದಂತೆ ಸಪಾಟು ಮಾಡಿಬಿಡುತ್ತಾರೆ. "ನಡುವ 1.5 ಇಟ್ಟು ನೋಡವ್ವಾ" ಎಂದು ಹೇಳಿದರೆ −6.25 ಬರುತ್ತದೆ, ತಳ ಕಾಲು ಮಾನ ಕೆಳಗಿಳಿಯುತ್ತದೆ, ಹುಡುಗಿ ರಬ್ಬರ್ ಹುಡುಕುತ್ತಾಳೆ. ಕೋಷ್ಟಕದಲ್ಲಿ ತಪ್ಪಿರಲಿಲ್ಲ, ಬಿಂದುಗಳಲ್ಲೂ ತಪ್ಪಿರಲಿಲ್ಲ. ಬಿಂದುಗಳ ನಡುವೆ ಏನಾಗುತ್ತದೆ ಎಂಬುದನ್ನು ಕೇಳದೆ ಸೇರಿಸಿದ್ದಷ್ಟೇ ತಪ್ಪು.

ಕಂಪ್ಯೂಟರ್ ಮಾಡುವುದೂ ಇದನ್ನೇ. ಡೆಸ್ಕ್‌ಟಾಪ್ ತಂತ್ರಾಂಶದ ಕಿಟಕಿಯಲ್ಲಿ ನುಣುಪಾಗಿ ಬಾಗಿದ ಗೆರೆ ಕಂಡಾಗ ನಾವು ಅದನ್ನು ವಕ್ರರೇಖೆ ಎಂದುಕೊಳ್ಳುತ್ತೇವೆ. ತಂತ್ರಾಂಶ ಮಾತ್ರ ಎಡ ಅಂಚಿನಿಂದ ಬಲ ಅಂಚಿನವರೆಗೆ ನೂರೋ ಸಾವಿರವೋ ಕಡೆ ಎಕ್ಸ್ ಬೆಲೆ ಇಟ್ಟು, ವೈ ಲೆಕ್ಕ ಹಾಕಿ, ಅಕ್ಕಪಕ್ಕದ ಬಿಂದುಗಳನ್ನು ಪುಟ್ಟ ಸರಳರೇಖೆಗಳಿಂದ ಸೇರಿಸಿರುತ್ತದೆ. ನಮ್ಮ ಹುಡುಗಿಯ ಎಂಟು ಬಿಂದುಗಳಿಗೂ ಅದರ ಸಾವಿರ ಬಿಂದುಗಳಿಗೂ ಎಣಿಕೆಯಲ್ಲಿ ವ್ಯತ್ಯಾಸವಿದೆಯೇ ಹೊರತು ಬಗೆಯಲ್ಲಿ ಇಲ್ಲ. ಆದ್ದರಿಂದ ಹುಡುಗಿ ಮಾಡಿದ ತಪ್ಪನ್ನು ಯಂತ್ರವೂ ಮಾಡಬಲ್ಲದು, ಮಾಡುತ್ತದೆ ಕೂಡ.

ಇದಕ್ಕೆ ನಾನು ಮಕ್ಕಳಿಗೆ ತೋರಿಸುವ ಉದಾಹರಣೆ ಗ್ನುಪ್ಲಾಟ್ ಎಂಬ ಹಳೆಯ ತಂತ್ರಾಂಶದ್ದು. 1986ರಲ್ಲಿ ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಎಂಬಿಬ್ಬರು ಆರಂಭಿಸಿದ ಇದರಲ್ಲಿ ಆಜ್ಞೆಯನ್ನು ಟೈಪ್ ಮಾಡಬೇಕು, ಚಿತ್ರ ಪ್ರತ್ಯೇಕ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ನಾವು ಬೇರೇನೂ ಹೇಳದಿದ್ದರೆ ಅದು ಎಕ್ಸ್ ಅಕ್ಷವನ್ನು −10ರಿಂದ 10ರವರೆಗೆ ಹಿಡಿದು 100 ಬಿಂದುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದಕ್ಕೆ ಸೈನ್ 31ಎಕ್ಸ್ ಬರೆಯಲು ಹೇಳಿದರೆ, ಆ ಅಂತರದಲ್ಲಿ ಸುಮಾರು 99 ಅಲೆಗಳು ಎದ್ದುಬೀಳಬೇಕಾದ ಕಡೆ, ಎಡಗಡೆ −0.85ರಿಂದ ಹೊರಟು ಬಲಗಡೆ 0.85ಕ್ಕೆ ಮುಟ್ಟುವ, ತುಸುವೇ ಬಾಗಿದ ಒಂದೇ ಒಂದು ಏರುಗೆರೆಯನ್ನು ಬರೆದು ಸುಮ್ಮನಾಗುತ್ತದೆ. ಹೆಚ್ಚುಕಡಿಮೆ ಪ್ರತಿ ಅಲೆಗೆ ಒಂದೇ ಬಿಂದುವಿನಂತೆ, ಅದೂ ಪ್ರತಿ ಸಲ ಅಲೆಯ ಒಂದೇ ಜಾಗದ ಆಸುಪಾಸಿನಲ್ಲಿ ಬಿದ್ದುದರಿಂದ ನಡುವಿನ ಏರಿಳಿತವೆಲ್ಲ ಅದರ ಕಣ್ಣಿಗೆ ಬೀಳಲೇ ಇಲ್ಲ. ಬಿಂದುಗಳ ಸಂಖ್ಯೆಯನ್ನು 2000ಕ್ಕೆ ಏರಿಸಿದೊಡನೆ ಇಡೀ ಕಿಟಕಿ ಅಲೆಗಳಿಂದ ತುಂಬಿಕೊಳ್ಳುತ್ತದೆ. ಆ ಕ್ಷಣ ಮಕ್ಕಳ ಮುಖದಲ್ಲಿ ಮೂಡುವ ಬೆರಗನ್ನು ಪತ್ರ ಬರೆದ ಓದುಗರು ನೋಡಬೇಕಿತ್ತು. ಕಂಪ್ಯೂಟರ್ ಹೇಳಿದ್ದೆಲ್ಲ ಸರಿ ಎಂಬ ಭಾವನೆ ಹದಿನೈದು ವರ್ಷದ ಮಕ್ಕಳಲ್ಲಿ ಎಷ್ಟು ಆಳವಾಗಿ ಬೇರೂರಿರುತ್ತದೆ ಎಂಬುದು ಅದನ್ನು ಅಲ್ಲಾಡಿಸಿ ನೋಡಿದವರಿಗೇ ಗೊತ್ತು.

ಹಾಗೆಯೇ 1/ಎಕ್ಸ್. ಎಕ್ಸ್ ಸೊನ್ನೆಯಾದಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಗೆರೆ ಅಲ್ಲಿ ಕಡಿಯಬೇಕು. ಆದರೆ ಬಿಂದುಗಳು ಸೊನ್ನೆಯ ಆಚೆಗೊಂದು ಈಚೆಗೊಂದು ಬಿದ್ದಾಗ ಯಂತ್ರ ಪಾತಾಳದ ಬಿಂದುವನ್ನೂ ಆಕಾಶದ ಬಿಂದುವನ್ನೂ ಸೇರಿಸಿ ನಡುವೆ ಕಂಬದಂತಹ ಗೆರೆ ನಿಲ್ಲಿಸುತ್ತದೆ. ಒಳ್ಳೆಯ ತಂತ್ರಾಂಶಗಳು ಇಂತಹದನ್ನು ತಪ್ಪಿಸಲು ಎರಡು ಬಿಂದುಗಳ ಮಧ್ಯದಲ್ಲಿ ಇನ್ನೊಂದು ಬಿಂದು ಲೆಕ್ಕ ಹಾಕಿ, ಅದು ಗೆರೆಯಿಂದ ದೂರ ಸರಿದಿದ್ದರೆ ಅಲ್ಲಿ ಮತ್ತಷ್ಟು ಬಿಂದುಗಳನ್ನು ತುಂಬುತ್ತವೆ. ನಾನು ಹುಡುಗಿಗೆ 1.5 ಇಟ್ಟು ನೋಡಲು ಹೇಳಿದೆನಲ್ಲ, ಅದೇ ಉಪಾಯ.

ಇನ್ನು ಪರದೆಯ ಮಾತು. ಪರದೆಯೆಂದರೆ ಲಕ್ಷಗಟ್ಟಲೆ ಸಣ್ಣ ಚೌಕಗಳ ಹಾಸು. 1920 ಅಡ್ಡ ಮತ್ತು 1080 ಉದ್ದದ ಸಾಮಾನ್ಯ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿರುತ್ತವೆ. ಓರೆಗೆರೆಯನ್ನು ಹಿಗ್ಗಿಸಿ ನೋಡಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇದನ್ನು ಹೇಗೆ ವಿವರಿಸಲಿ ಎಂದು ನಾನು ಸೀಮೆಸುಣ್ಣ ಹುಡುಕುತ್ತಿರುವಾಗಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ, ನಮ್ಮಪ್ಪ ಸೀರಿ ಅಂಚಿಗೆ ಹೂವು ಬರಕೊಳ್ಳೋ ಹಾಳಿನೂ ಹಿಂಗ ಇರ್ತದ್ರಿ" ಎಂದ. ಬೆಟಗೇರಿಯ ನೇಕಾರರ ಮನೆಯ ಹುಡುಗ. ಹೂವಿನ ದಳ ಎಷ್ಟೇ ದುಂಡಗಿದ್ದರೂ ಚೌಕುಳಿ ಹಾಳೆಯಲ್ಲಿ ಅದು ತುಂಬಿದ ಮನೆ ಮತ್ತು ಖಾಲಿ ಮನೆ ಇಷ್ಟೇ ಆಗುತ್ತದೆ, ಎಳೆ ಹೆಚ್ಚಿದಷ್ಟೂ ದಳ ದುಂಡಗಾಗುತ್ತದೆ ಎಂಬುದು ಅವನಿಗೆ ಮಗ್ಗದ ಪಕ್ಕ ಕುಳಿತೇ ತಿಳಿದಿತ್ತು. ಧಾರವಾಡದ ಕಸೂತಿ ಗೊತ್ತಿರುವ ಹುಡುಗಿಯರು ತಕ್ಷಣ ಮುರಗಿ ಹೊಲಿಗೆಯನ್ನು ನೆನೆದರು. ಎಳೆ ಎಣಿಸಿ ಅಡ್ಡಕ್ಕೊಂದು ಉದ್ದಕ್ಕೊಂದು ಹೆಜ್ಜೆ ಇಡುತ್ತ ಮೆಟ್ಟಿಲಿನಂತೆ ಸಾಗುವ ಆ ಹೊಲಿಗೆಗೂ, ಓರೆಗೆರೆ ಸಾಗುವಾಗ ಮುಂದಿನ ಚೌಕ ಅಡ್ಡಕ್ಕೋ ಮೇಲಕ್ಕೋ ಎಂದು ಪೂರ್ಣಾಂಕಗಳ ಕೂಡು-ಕಳೆಯಲ್ಲೇ ತೀರ್ಮಾನಿಸಲು ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯ ಜಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದ ವಿಧಾನಕ್ಕೂ ನೆಂಟಸ್ತಿಕೆ ಇದೆ ಎಂದು ಹೇಳಲು ನನಗೆ ಒಂದು ನಿಮಿಷ ಸಾಕಾಯಿತು.

ಎಲ್ಲ ತಪ್ಪೂ ಯಂತ್ರದ್ದಲ್ಲ, ಕೆಲವು ನಮ್ಮವು. ಒಂದು ದಿನ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಎಕ್ಸ್² + ವೈ² = 25 ಎಂದು ಕೊಟ್ಟು, ಇದು 5 ಮಾನ ತ್ರಿಜ್ಯದ ವೃತ್ತ ಎಂದು ಗತ್ತಿನಿಂದ ಹೇಳಿ ತಿರುಗಿ ನೋಡಿದರೆ ಮಕ್ಕಳು ನಗುತ್ತಿದ್ದರು. "ಸರ, ಇದು ವೃತ್ತ ಅಲ್ರಿ, ತತ್ತಿ ಆಗೇತಿ." ನನಗಿಂತ ಮುಂಚೆ ಯಾರೋ ಮೌಸ್‌ನಿಂದ ವೈ ಅಕ್ಷವನ್ನು ಹಿಡಿದು ಎಳೆದಿದ್ದರಿಂದ ಎರಡು ಅಕ್ಷಗಳ ಮಾನ ಬೇರೆಯಾಗಿತ್ತು. ಅಕ್ಷಗಳ ಪ್ರಮಾಣವನ್ನು ಸಮ ಮಾಡಿದಾಗ ತತ್ತಿ ವೃತ್ತವಾಯಿತು. ಗ್ರಾಫ್ ಹಾಳೆಯ ಮೂಲೆಯಲ್ಲಿ "ಪ್ರಮಾಣ: 1 ಸೆಂ.ಮೀ. = 1 ಮಾನ" ಎಂದು ಬರೆಯಲು ಮರೆತ ಮಕ್ಕಳನ್ನು ಇಷ್ಟು ವರ್ಷ ಗದರುತ್ತ ಬಂದವನು ನಾನೇ. ಇನ್ನೊಮ್ಮೆ ಒಬ್ಬ ಹುಡುಗ ಸೈನ್ 30 ಎಂದು ಟೈಪ್ ಮಾಡಿದ, ಅರ್ಧ ಬರಬೇಕಾದಲ್ಲಿ −0.99 ಬಂತು. ಯಂತ್ರ 30ನ್ನು ಕೋನ ಅಳೆಯುವ ಇನ್ನೊಂದು ಮಾನವಾದ ರೇಡಿಯನ್ ಎಂದು ತಿಳಿದಿತ್ತು, ಡಿಗ್ರಿಯ ಚಿಹ್ನೆ ಹಾಕಿದ ಮೇಲೆ 0.5 ಎಂದಿತು. ಕೋನದ ಸೈನ್ ಬೆಲೆ 0ಯಿಂದ 1ರೊಳಗೆ ಧನಾತ್ಮಕವಾಗಿರುವುದನ್ನಷ್ಟೇ ಕಂಡಿದ್ದ ಹತ್ತನೆಯ ತರಗತಿಯ ಹುಡುಗನಿಗೆ, 30 ರೇಡಿಯನ್ ಎಂದರೆ ವೃತ್ತವನ್ನು ನಾಲ್ಕು ಸುತ್ತು ಹಾಕಿ ಐದನೆಯ ಸುತ್ತಿನ ಮುಕ್ಕಾಲು ದಾರಿ ದಾಟಿದ ಕೋನ ಎಂದು ಹೇಳಲು ಇದಕ್ಕಿಂತ ಒಳ್ಳೆಯ ನೆಪ ಸಿಕ್ಕುತ್ತಿರಲಿಲ್ಲ.

ಕಾಗದಕ್ಕೆ ಇಲ್ಲದ, ಪರದೆಗೆ ಮಾತ್ರ ಇರುವ ಒಂದು ಶಕ್ತಿಯೆಂದರೆ ಹಿಗ್ಗಿಸಿ ನೋಡುವುದು. ಪರವಲಯದ ಯಾವುದೇ ಬಿಂದುವಿನ ಬಳಿ ಮೌಸ್ ಇಟ್ಟು ಚಕ್ರ ತಿರುಗಿಸುತ್ತ ಹೋದರೆ ಗೆರೆ ನೆಟ್ಟಗಾಗುತ್ತ ಬರುತ್ತದೆ, ಕೊನೆಗೆ ಸ್ಪರ್ಶಕಕ್ಕೂ ಅದಕ್ಕೂ ಭೇದ ಕಾಣುವುದಿಲ್ಲ. ಎಕ್ಸ್‌ನ ನಿರಪೇಕ್ಷ ಬೆಲೆಯ ನಕ್ಷೆಯನ್ನು, ಅಂದರೆ ಸೊನ್ನೆಯ ಬಳಿ ಮೂಲೆ ಇರುವ ಗೆರೆಯನ್ನು, ಎಷ್ಟು ಹಿಗ್ಗಿಸಿದರೂ ಮೂಲೆ ಮೂಲೆಯಾಗಿಯೇ ಉಳಿಯುತ್ತದೆ. ಇವೆರಡನ್ನೂ ತೋರಿಸಿದ ಮೇಲೆ ಎಕ್ಸ್² + 0.0001ರ ವರ್ಗಮೂಲವನ್ನು ಬರೆಯಿಸುತ್ತೇನೆ. ಮೊದಲ ನೋಟಕ್ಕೆ ಅದೂ ಮೂಲೆಯೇ. ಮಕ್ಕಳೆಲ್ಲ ಮೂಲೆ ಎಂದೇ ಕೈ ಎತ್ತುತ್ತಾರೆ. ನೂರಾರು ಪಟ್ಟು ಹಿಗ್ಗಿಸಿದಾಗ ಮೂಲೆ ಕರಗಿ, ಸೊನ್ನೆಯ ಮೇಲೆ 0.01ರಷ್ಟು ಎತ್ತರದಲ್ಲಿ ದುಂಡಗೆ ತಿರುಗುವ ತಳ ಹೊರಬೀಳುತ್ತದೆ. ಪಿಯುಸಿಗೆ ಹೋಗಿ ಅವಕಲನ ಕಲಿಯುವ ಮಕ್ಕಳು ಈ ಮಧ್ಯಾಹ್ನವನ್ನು ನೆನಪಿಟ್ಟುಕೊಂಡಿದ್ದರೆ ಅವರ ಉಪನ್ಯಾಸಕರಿಗೆ ಅರ್ಧ ಕೆಲಸ ಉಳಿದಂತೆ.

ನಮ್ಮವರ ಗಣಿತವನ್ನೂ ಇದೇ ಕಿಟಕಿಯಲ್ಲಿ ಪರೀಕ್ಷಿಸಬಹುದು. ಏಳನೆಯ ಶತಮಾನದ ಮೊದಲನೆಯ ಭಾಸ್ಕರ ತನ್ನ ಮಹಾಭಾಸ್ಕರೀಯದಲ್ಲಿ ಜ್ಯಾ (ಅಂದರೆ ಸೈನ್) ಕೋಷ್ಟಕವಿಲ್ಲದೆ ಸೈನ್ ಬೆಲೆ ಕಂಡುಕೊಳ್ಳುವ ಸೂತ್ರವೊಂದನ್ನು ಕೊಟ್ಟಿದ್ದಾನೆ. ಕೋನವನ್ನು 180ರಿಂದ ಕಳೆದು ಬಂದದ್ದನ್ನು ಕೋನದಿಂದಲೇ ಗುಣಿಸಬೇಕು. ಆ ಗುಣಲಬ್ಧದ ನಾಲ್ಕರಷ್ಟನ್ನು, 40500ರಲ್ಲಿ ಅದೇ ಗುಣಲಬ್ಧ ಕಳೆದು ಉಳಿದದ್ದರಿಂದ ಭಾಗಿಸಬೇಕು. 30 ಡಿಗ್ರಿಗೆ ಗುಣಲಬ್ಧ 4500. 18000ವನ್ನು 36000ದಿಂದ ಭಾಗಿಸಿದರೆ ಸರಿಯಾಗಿ ಅರ್ಧ. 90ಕ್ಕೆ ಸರಿಯಾಗಿ 1. ಈ ಸೂತ್ರದ ಗೆರೆಯನ್ನು ಕೆಂಪಿನಲ್ಲೂ ನಿಜವಾದ ಸೈನ್ ಗೆರೆಯನ್ನು ನೀಲಿಯಲ್ಲೂ ಬರೆಯಿಸಿದರೆ ಪರದೆಯ ಮೇಲೆ ಒಂದೇ ಗೆರೆ ಕಾಣುತ್ತದೆ. ಮಕ್ಕಳು ಎರಡೂ ಒಂದೇ ಎಂದು ಬರೆದುಕೊಳ್ಳಲು ಹೊರಟಾಗ ಒಬ್ಬಳು ತಡೆದು, 10 ಡಿಗ್ರಿಗೆ ಲೆಕ್ಕ ಹಾಕಿ 0.1753 ಬಂತು, ಕೋಷ್ಟಕದಲ್ಲಿ 0.1736 ಇದೆ ಎಂದಳು. ಇಡೀ ವ್ಯಾಪ್ತಿಯಲ್ಲಿ ಸೂತ್ರದ ದೋಷ ಸುಮಾರು 0.0016ನ್ನು ಮೀರುವುದಿಲ್ಲ. 0ಯಿಂದ 1ರವರೆಗಿನ ಎತ್ತರವನ್ನು ಸಾವಿರ ಪಿಕ್ಸೆಲ್‌ಗಳಲ್ಲಿ ತೋರಿಸಿದರೆ ಆ ದೋಷ ಒಂದೂವರೆ ಪಿಕ್ಸೆಲ್‌ನಷ್ಟು, ಎರಡು ಗೆರೆಗಳ ದಪ್ಪದಲ್ಲಿ ಮುಚ್ಚಿಹೋಗುವಷ್ಟು. ಎರಡರ ವ್ಯತ್ಯಾಸವನ್ನೇ ಬೇರೆ ಗೆರೆಯಾಗಿ, ಸಾವಿರ ಪಟ್ಟು ಹಿಗ್ಗಿಸಿ ಬರೆಯಿಸಿದಾಗ ಅದು ಸೊನ್ನೆಯ ಆಚೀಚೆ ತೂಗಾಡುವುದು ಕಂಡಿತು. ಕೈಲೆಕ್ಕ ಹಿಡಿದ ತಪ್ಪನ್ನು ಕಣ್ಣು ಹಿಡಿಯಲಾರದೆ ಹೋದ ಈ ಪ್ರಸಂಗವನ್ನು ಪತ್ರ ಬರೆದ ಓದುಗರಿಗೆ ವಿಶೇಷವಾಗಿ ಒಪ್ಪಿಸುತ್ತೇನೆ, ಏಕೆಂದರೆ ಇದು ಅವರ ಪಕ್ಷಕ್ಕೇ ಬಲ ಕೊಡುವಂಥದ್ದು.

ವೈ ಒಂದು ಕಡೆ, ಎಕ್ಸ್ ಒಂದು ಕಡೆ ಎಂದು ಬಿಡಿಸಿ ಬರೆಯಲಾಗದ ಸಮೀಕರಣಗಳನ್ನು ಯಂತ್ರ ಬೇರೆ ರೀತಿಯಲ್ಲಿ ನಿಭಾಯಿಸುತ್ತದೆ. ಕಿಟಕಿಯನ್ನೆಲ್ಲ ಸಣ್ಣ ಚೌಕಗಳಾಗಿ ಹೋಳು ಮಾಡಿ, ಪ್ರತಿ ಚೌಕದ ನಾಲ್ಕು ಮೂಲೆಗಳಲ್ಲಿ ಸಮೀಕರಣದ ಬೆಲೆ ಧನವೋ ಋಣವೋ ನೋಡಿ, ಚಿಹ್ನೆ ಬದಲಾದ ಅಂಚುಗಳ ನಡುವೆ ಗೆರೆ ಎಳೆಯುವುದು ಅದರ ಒಂದು ಸಾಮಾನ್ಯ ವಿಧಾನ. ಇಬ್ಬರ ಹೊಲಗಳ ನಡುವೆ ಬದು ಹಾಕಿದಂತೆ. ಹೃದಯದ ಆಕಾರ ಕೊಡುವ ಸಮೀಕರಣವೊಂದನ್ನು ಮಕ್ಕಳು ಎಲ್ಲಿಂದಲೋ ತಂದು ಹೀಗೆ ಬರೆಯಿಸಿ ಸಂಭ್ರಮಿಸಿದರು. ಅದನ್ನು ತಡೆಯಲು ನಾನು ಹೋಗಲಿಲ್ಲ. ಬದಲಿಗೆ ಎಕ್ಸ್² − 2ಎಕ್ಸ್‌ವೈ + ವೈ² = 0 ಕೊಟ್ಟು ನೋಡಿ ಎಂದೆ. ಚಿಹ್ನೆಯನ್ನಷ್ಟೇ ನೋಡುವ ತಂತ್ರಾಂಶಕ್ಕೆ ಇದು ಕಾಣುವುದೇ ಇಲ್ಲ, ಪರದೆ ಖಾಲಿ ಉಳಿಯಬಹುದು. ಒಂಬತ್ತನೆಯ ತರಗತಿಯ ನಿತ್ಯಸಮೀಕರಣ ಬಲ್ಲವರಿಗೆ ಇದು ಎಕ್ಸ್ − ವೈಯ ವರ್ಗ, ಅಂದರೆ ಮೂಲಬಿಂದುವಿನಲ್ಲಿ ಹಾಯುವ ನೇರವಾದ ಓರೆಗೆರೆ. ವರ್ಗವಾದ್ದರಿಂದ ಗೆರೆಯ ಎರಡೂ ಬದಿ ಧನವೇ. ಒಬ್ಬನದೇ ಹೊಲವಾದರೆ ಬದು ಎಲ್ಲಿಂದ ಬರಬೇಕು?

ಕಳೆದ ವರ್ಷ ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆವು. ಗದಗದಿಂದ ಹತ್ತು ಹನ್ನೆರಡು ಕಿಲೋಮೀಟರ್, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿಯ ಚಾಲುಕ್ಯ ಕಾಲದ ಗುಡಿಗಳಲ್ಲಿ ಚರಕಿಗೆ ಹಾಕಿ ಕಡೆದಂತಿರುವ ಕಂಬಗಳಿವೆ; ಬಳೆ, ಗಂಟೆ, ಗಡಿಗೆಯ ಆಕಾರಗಳು ಒಂದರ ಮೇಲೊಂದು ಕೂತಂತಹ ನುಣುಪಾದ ಬಳಪದ ಕಲ್ಲಿನ ಕಂಬಗಳು. ಒಂದು ಕಂಬದ ಚಿತ್ರವನ್ನು ನೇರ ಎದುರಿನಿಂದ ಮೊಬೈಲಿನಲ್ಲಿ ತೆಗೆದು ತಂದು, ಜಿಯೋಜೀಬ್ರಾದ ಹಿನ್ನೆಲೆಗೆ ಅಡ್ಡಲಾಗಿ ಮಲಗಿಸಿ ಇಟ್ಟು, ಅದರ ಅಂಚಿನ ಮೇಲೆ ಸಮ ಅಂತರದಲ್ಲಿ ಹನ್ನೊಂದು ಬಿಂದು ಇಟ್ಟೆವು. ಹನ್ನೊಂದು ಬಿಂದುಗಳ ಮೂಲಕ ಹಾಯುವ, ಘಾತ ಹತ್ತನ್ನು ಮೀರದ ಬಹುಪದೋಕ್ತಿ ಒಂದೇ ಒಂದು ಇರುತ್ತದೆ, ತಂತ್ರಾಂಶ ಅದನ್ನು ಕ್ಷಣದಲ್ಲಿ ಬರೆದು ತೋರಿಸಿತು. ನಡುವೆ ಎಲ್ಲ ಸರಿ. ಎರಡು ತುದಿಗಳಲ್ಲಿ ಮಾತ್ರ ಗೆರೆ ಬಿಂದುವಿನಿಂದ ಬಿಂದುವಿಗೆ ಹುಚ್ಚುಹೊಳೆಯಂತೆ ಎದ್ದುಬಿದ್ದು ಕಂಬದ ಆಚೆಗೆ ಹಾರಿತ್ತು. ಕಾರ್ಲ್ ರುಂಗೆ ಎಂಬ ಜರ್ಮನ್ ಗಣಿತಜ್ಞ 1901ರಲ್ಲೇ ಇದನ್ನು ಕಂಡಿದ್ದ: ಸಮ ಅಂತರದ ಬಿಂದುಗಳಿಗೆ ದೊಡ್ಡ ಘಾತದ ಬಹುಪದೋಕ್ತಿಯನ್ನು ಕೂಡಿಸಲು ಹೊರಟರೆ ಬಿಂದು ಹೆಚ್ಚಿಸಿದಷ್ಟೂ ತುದಿಗಳು ಇನ್ನಷ್ಟು ಹದಗೆಡುವ ಸಂದರ್ಭಗಳಿವೆ.

ಪರಿಹಾರ ನಮ್ಮೂರ ಬಡಿಗೇರರಿಗೆ ಗೊತ್ತಿರುವಂಥದ್ದೇ. ಬಾಗಿಲಿನ ಕಮಾನಿಗೆ ಗುರುತು ಹಾಕುವಾಗ ಅವರು ತೆಳುವಾದ ಬಿದಿರಿನ ಸೀಳನ್ನು ನಾಲ್ಕು ಮೊಳೆಗಳ ನಡುವೆ ಬಗ್ಗಿಸಿ ಹಿಡಿದು ಪೆನ್ಸಿಲ್ ಎಳೆಯುತ್ತಾರೆ. ಹಡಗು ಕಟ್ಟುವವರೂ ಇಂತಹದೇ ಪಟ್ಟಿ ಬಳಸುತ್ತಿದ್ದರು, ಅದರ ಹೆಸರೇ ಸ್ಪ್ಲೈನ್ ಎಂದು ಗಣಿತಕ್ಕೆ ಬಂತು. ಇಡೀ ಕಂಬಕ್ಕೆ ಒಂದೇ ದೊಡ್ಡ ಸೂತ್ರ ಹುಡುಕುವ ಬದಲು, ಸಣ್ಣ ಘಾತದ ತುಣುಕುಗಳನ್ನು ಕೀಲು ಕಾಣದಂತೆ ಜೋಡಿಸುವುದು ಅದರ ಸಾರ. ಕಾರಿನ ಮೈಯನ್ನು ಚಿತ್ರಿಸಲು ಫ್ರಾನ್ಸಿನ ಸಿತ್ರೋಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್ಜೋ 1959ರಲ್ಲಿ ಇಂತಹ ತುಣುಕುಗಳ ಒಂದು ವಿಧಾನ ಕಂಡುಕೊಂಡ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯರ್ ಬೆಜಿಯೆ ತಾನೇ ಬೇರೆಯಾಗಿ ಕಂಡುಕೊಂಡು ಪ್ರಕಟಿಸಿದ್ದರಿಂದ ಹೆಸರು ಅವನದಾಯಿತು. ಇದರ ಅತಿ ಸರಳ ರೂಪಕ್ಕೆ ಹತ್ತನೆಯ ತರಗತಿಯ ಮಧ್ಯಬಿಂದು ಸೂತ್ರ ಸಾಕು. ಮೂರು ಬಿಂದು ಇಡಿ. ಮೊದಲನೆಯದು ಮತ್ತು ಎರಡನೆಯದರ ಮಧ್ಯಬಿಂದು, ಎರಡನೆಯದು ಮತ್ತು ಮೂರನೆಯದರ ಮಧ್ಯಬಿಂದು ಗುರುತಿಸಿ. ಆ ಎರಡರ ಮಧ್ಯಬಿಂದು ಗೆರೆಯ ಮೇಲಿರುತ್ತದೆ. ಅರ್ಧದ ಬದಲು ಬೇರೆ ಬೇರೆ ಅನುಪಾತ ಹಿಡಿದು ಭಾಗಪ್ರಮಾಣ ಸೂತ್ರ ಹಾಕುತ್ತ ಹೋದರೆ ಗೆರೆ ಪೂರ್ತಿಯಾಗುತ್ತದೆ, ಅದು ಪರವಲಯದ ತುಂಡೇ ಆಗಿರುತ್ತದೆ. "ಬಿಂದು ಎ ಮತ್ತು ಬಿಂದು ಬಿಯನ್ನು 2:3ರ ಅನುಪಾತದಲ್ಲಿ ವಿಭಾಗಿಸುವ ಬಿಂದುವಿನ ನಿರ್ದೇಶಾಂಕ ಕಂಡುಹಿಡಿಯಿರಿ" ಎಂಬ ಪ್ರಶ್ನೆಯನ್ನು ಇಪ್ಪತ್ತು ಬಗೆಯಲ್ಲಿ ಬಿಡಿಸಿಯೂ ಅದು ಯಾಕೆ ಬೇಕು ಎಂದು ಎಂದೂ ಕೇಳದ ಮಕ್ಕಳು, ಅಂದು ಕಂಬದ ಗಡಿಗೆಯ ಅಂಚನ್ನು ಇದರಿಂದ ಹೊಂದಿಸುತ್ತ ಸಂಜೆಯ ಬಸ್ಸು ತಪ್ಪಿಸಿಕೊಂಡರು.

ಈ ಪತ್ರ ತಮ್ಮ ಪತ್ರಿಕೆಯಲ್ಲಿ ಅಚ್ಚಾದರೆ ಅದರ ಅಕ್ಷರಗಳೂ ಇದೇ ಗೆರೆಗಳಿಂದ ಆದವೇ. ಟ್ರೂಟೈಪ್ ಬಗೆಯ ಅಕ್ಷರಗಳ ಅಂಚು ಎರಡನೆಯ ಘಾತದ ಬೆಜಿಯೆ ತುಣುಕುಗಳದ್ದು, ಪೋಸ್ಟ್‌ಸ್ಕ್ರಿಪ್ಟ್ ಬಗೆಯದು ಮೂರನೆಯ ಘಾತದ್ದು. ಕನ್ನಡದ ಠಕಾರವೋ ಅನುಸ್ವಾರವೋ ಪೂರ್ಣ ವೃತ್ತ ಎಂದು ನಾವು ನಂಬಿರುತ್ತೇವೆ. ಆದರೆ ಇಂತಹ ತುಣುಕುಗಳಿಂದ ವೃತ್ತವನ್ನು ಸರಿಯಾಗಿ ಬರೆಯಲು ಬರುವುದೇ ಇಲ್ಲ. ಮೂರನೆಯ ಘಾತದ ನಾಲ್ಕು ತುಣುಕು ಸೇರಿಸಿ, ಹಿಡಿಬಿಂದುಗಳನ್ನು, ಅಂದರೆ ಗೆರೆಯನ್ನು ತಮ್ಮತ್ತ ಬಾಗಿಸುವ ನಡುವಿನ ಬಿಂದುಗಳನ್ನು, ತುಣುಕಿನ ತುದಿಗಳಿಂದ ತ್ರಿಜ್ಯದ ಸುಮಾರು 0.5523ರಷ್ಟು ದೂರದಲ್ಲಿಟ್ಟರೆ ತ್ರಿಜ್ಯದಲ್ಲಿ ಶೇಕಡಾ 0.027ರಷ್ಟು ಮಾತ್ರ ತಪ್ಪುಳಿಯುತ್ತದೆ. ಕಣ್ಣಿಗೆ ಅದು ವೃತ್ತವೇ.

ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಾಕಾರದ್ದು. ಒಂದು ಚೌಕವನ್ನು ಅದರ ನಡುವನ್ನೇ ಕೇಂದ್ರವಾಗಿಟ್ಟು 15 ಡಿಗ್ರಿಯಂತೆ ತಿರುಗಿಸುತ್ತ ಆರು ಚೌಕ ಬರೆದರೆ ಅಷ್ಟೇ ಮೂಲೆಗಳು ಬರುತ್ತವೆ. ಎಳೆದಂತೆ ಬೆಲೆ ಬದಲಿಸುವ ಸ್ಲೈಡರ್ ಒಂದನ್ನು ಮಾಡಿ ಕೋನಕ್ಕೆ ಕಟ್ಟಿದರೆ, ಮೌಸ್ ಎಳೆದಂತೆ ಚೌಕಗಳು ಬಿಚ್ಚಿಕೊಂಡು ನಕ್ಷತ್ರವಾಗುವುದನ್ನು ನೋಡಬಹುದು. ಹೊರಗಿನ ಮೂಲೆಗಳನ್ನಷ್ಟೇ ಉಳಿಸಿ ಒಳಗಿನ ಗೆರೆಗಳನ್ನು ಅಳಿಸಲು ಒಂದೇ ಸಮೀಕರಣ ಬರೆಯಬಹುದೇ ಎಂಬ ಪ್ರಶ್ನೆಯನ್ನು ಒಬ್ಬ ಹುಡುಗಿ ಎತ್ತಿದ್ದಾಳೆ. ಅವಳ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿದೆ, ಉತ್ತರ ಇನ್ನೂ ಬಂದಿಲ್ಲ, ನಾನೂ ಹೇಳಿಕೊಟ್ಟಿಲ್ಲ. ಪಿಯುಸಿಗೆ ಹೋದ ಹಳೆಯ ಶಿಷ್ಯನೊಬ್ಬ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾನೇ ಸಣ್ಣದೊಂದು ಕಿಟಕಿ ಮಾಡಿ ಪರವಲಯ ಬರೆಯಿಸಿ ತಂದಿದ್ದ. ಪರವಲಯ ಬೋರಲು ಬಿದ್ದಿತ್ತು. ಪರದೆಯ ಸಾಲುಗಳನ್ನು ನಾವು ಪುಟ ಓದಿದಂತೆ ಮೇಲಿನಿಂದ ಕೆಳಕ್ಕೆ ಎಣಿಸುವುದರಿಂದ ವೈ ಹೆಚ್ಚಿದಷ್ಟೂ ಬಿಂದು ಕೆಳಗಿಳಿಯುತ್ತದೆ ಎಂದು ಗೊತ್ತಾಗಲು ಅವನಿಗೆ ಒಂದು ರಾತ್ರಿ ಹಿಡಿಯಿತಂತೆ.

ಇಷ್ಟೆಲ್ಲ ಮಾಡಲು ಬೇಕಾದದ್ದು ಕಡಿಮೆ. ನಾನು ಹೆಸರಿಸಿದ ಗ್ನುಪ್ಲಾಟ್, ಲಿನಕ್ಸ್ ಯಂತ್ರಗಳಲ್ಲಿ ಸಿಗುವ ಕೆಎಂಪ್ಲಾಟ್, 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿಯ ಕೆಲಸವಾಗಿ ಹುಟ್ಟಿದ ಜಿಯೋಜೀಬ್ರಾ, ಈ ಮೂರಕ್ಕೂ ಶಾಲೆ ಹಣ ಕೊಡಬೇಕಾಗಿಲ್ಲ. ಒಮ್ಮೆ ಯಂತ್ರದೊಳಗೆ ಹಾಕಿಕೊಂಡರೆ ಇಂಟರ್ನೆಟ್ ಕೂಡ ಬೇಕಿಲ್ಲ. ಮಧ್ಯಾಹ್ನದ ಹೊತ್ತು ಕರೆಂಟ್ ಹೋಗಿಬರುವ, ಮೊಬೈಲ್ ನೆಟ್‌ವರ್ಕ್‌ಗಾಗಿ ಮಾಳಿಗೆ ಹತ್ತಬೇಕಾದ ನಮ್ಮ ಹಳ್ಳಿಶಾಲೆಗಳಿಗೆ ಬ್ರೌಸರಿನಲ್ಲಿ ನಡೆಯುವ ಸೊಗಸಾದ ಸೌಲಭ್ಯಗಳಿಗಿಂತ ಡೆಸ್ಕ್‌ಟಾಪ್ ತಂತ್ರಾಂಶವೇ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಹತ್ತು ವರ್ಷದ ಹಳೆಯ ಯಂತ್ರವೂ ಪರವಲಯ ಬರೆಯಬಲ್ಲದು. ಬರೆಯದಿರುವುದು ಬೀಗ ಹಾಕಿದ ಕೊಠಡಿ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಕಂಪ್ಯೂಟರುಗಳ ಮೇಲೆ ಹೊದಿಸಿದ ಬಟ್ಟೆಯನ್ನು ತಪಾಸಣೆಯ ದಿನ ಮಾತ್ರ ತೆಗೆಯುತ್ತಿದ್ದರು; ಮತ್ತೊಂದರಲ್ಲಿ ಗೋಡೆಯ ದೊಡ್ಡ ಪರದೆಯ ಮೇಲೆ ಸಿದ್ಧ ವಿಡಿಯೊ ಹಾಕಿ ಮಕ್ಕಳನ್ನು ಕೈಕಟ್ಟಿ ಕೂರಿಸುತ್ತಿದ್ದರು. ವಿಡಿಯೊದಲ್ಲಿ ಗೆರೆ ಎಂದೂ ತಪ್ಪುವುದಿಲ್ಲ. ನನ್ನ ತಕರಾರಿರುವುದು ಅಲ್ಲಿಯೇ.

ಪದಗಳ ಬಗ್ಗೆಯೂ ಒಂದು ಮಾತು. ಯಂತ್ರಾನುವಾದದಿಂದ ಕನ್ನಡಕ್ಕೆ ತಂದಂತೆ ಕಾಣುತ್ತಿದ್ದ ಒಂದು ತಂತ್ರಾಂಶದ ಮೆನುವಿನಲ್ಲಿ ಪ್ಲಾಟ್ ಎಂಬುದಕ್ಕೆ 'ನಿವೇಶನ' ಎಂದಿತ್ತು. ಹುಬ್ಬಳ್ಳಿಯ ಸುತ್ತಮುತ್ತ ಪ್ಲಾಟಿಗೆ ಆ ಅರ್ಥವೇ ಹೆಚ್ಚು ಪ್ರಿಯ ಎಂಬುದು ನಿಜವಾದರೂ ಪರವಲಯವನ್ನು ಯಾರೂ ನೋಂದಣಿ ಮಾಡಿಸುವುದಿಲ್ಲ. ಪರವಲಯ, ದೀರ್ಘವೃತ್ತ, ನಿರ್ದೇಶಾಂಕ, ಶೂನ್ಯತೆ ಎಂದು ನಮ್ಮ ಪಠ್ಯಪುಸ್ತಕಗಳು ಬಳಸುವ ಪದಗಳನ್ನೇ ಮೆನುಗಳಲ್ಲೂ ಬಳಸುವಂತೆ, ಗಣಿತ ಬಲ್ಲ ಕನ್ನಡಿಗರು ಈ ಮುಕ್ತ ತಂತ್ರಾಂಶಗಳ ಅನುವಾದಕ್ಕೆ ಕೈಹಾಕಬೇಕು. ಧಾರವಾಡದಲ್ಲಿ ವಿಶ್ವವಿದ್ಯಾಲಯವಿದೆ, ಐಐಟಿ ಇದೆ, ಐಐಐಟಿ ಇದೆ. ಅಲ್ಲಿಯ ನಾಲ್ಕು ವಿದ್ಯಾರ್ಥಿಗಳು ಒಂದು ರಜೆಯನ್ನು ಇದಕ್ಕೆ ಕೊಟ್ಟರೂ ನಮ್ಮ ಮಕ್ಕಳು ಅವರನ್ನು ನೆನೆಯುತ್ತಾರೆ. ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು: ವಾರಕ್ಕೆ ಒಂದು ಗಣಿತದ ಅವಧಿ ಕಂಪ್ಯೂಟರ್ ಕೊಠಡಿಯಲ್ಲಿ ನಡೆಯಲಿ, ಮಕ್ಕಳು ಕೋಷ್ಟಕ ಮತ್ತು ಗ್ರಾಫ್ ಹಾಳೆಯ ಚಿತ್ರ ಮುಗಿಸಿ ತಂದರೆ ಮಾತ್ರ ಕೀಬೋರ್ಡ್ ಮುಟ್ಟಲಿ, ಮತ್ತು ಆಂತರಿಕ ಮೌಲ್ಯಮಾಪನದಲ್ಲಿ ಎಲ್ಲಾದರೂ ಒಂದು ಕಡೆ, ಪರದೆಯ ಮೇಲಿನ ತಪ್ಪು ಗೆರೆಯೊಂದನ್ನು ಕೊಟ್ಟು ತಪ್ಪು ಎಲ್ಲಿದೆ, ಯಾಕಾಯಿತು ಎಂದು ಕೇಳುವ ಪ್ರಶ್ನೆ ಬರಲಿ.

ಪತ್ರ ಬರೆದ ಓದುಗರು ನನಗೆ ಪರಿಚಿತರಲ್ಲ. ಅವರೂ ಶಿಕ್ಷಕರಿರಬಹುದು ಎಂದು ಅವರ ಬರವಣಿಗೆಯಿಂದ ಊಹಿಸುತ್ತೇನೆ. ಗದಗದ ಕಡೆ ಬರುವುದಾದರೆ ಬುಧವಾರ ಇಲ್ಲವೇ ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ನಾವು ಶಾಲೆಯಲ್ಲಿರುತ್ತೇವೆ. ಅವರು ತಮಗಿಷ್ಟವಾದ ಒಂದು ಸಮೀಕರಣವನ್ನೂ ಅದರ ನಕ್ಷೆಯನ್ನು ಕೈಯಿಂದ ಬರೆದ ಒಂದು ಗ್ರಾಫ್ ಹಾಳೆಯನ್ನೂ ತಂದರೆ, ಅದನ್ನು ಪರದೆಯ ಪಕ್ಕದಲ್ಲಿಟ್ಟು ಯಾವುದು ತಪ್ಪಿದೆ ಎಂದು ಮಕ್ಕಳ ಕೈಯಲ್ಲೇ ಹೇಳಿಸೋಣ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕ,
ಬೆಟಗೇರಿ, ಗದಗ